ಅರ್ಧ ಗ್ಲಾಸಿನ ಚಾಚಾ

ನಿನ್ನೆ ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ, ನೀರು ಚಿಮುಕಿಸಿದೆ, ಎಮ್ಮೆ ಹಿಂಡಿದೆ. ಮೊನ್ನೆಯೇ ಕುಟ್ಟಿಟ್ಟಿದ್ದ ಗೋಧಿಯನ್ನು ಹುಗ್ಗಿಗೆಂದು ಬೇಯಲು ಇಟ್ಟೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಹದಿನಾರು ರೊಟ್ಟಿ ಬಡಿದೆ. ಎರಡು ಜಂಪರಿಗೆ ಹುಕ್ಕು ಹಚ್ಚಿ, ಅವನ್ನು ಹೊಲಿಯಲು ಕೊಟ್ಟವರ ಮನೆಗೆ ಮುಟ್ಟಿಸಿ ಬಂದೆ. ಪಡಸಾಲೆಯ ಮಂಚಕ್ಕೆ ಒಗೆದ ಚಾದರ ಹಾಸಿದೆ. ಕೊನೆಗೆ ಕಪಾಟಿನಲ್ಲಿದ್ದ ಸ್ಟೀಲ್ ಗ್ಲಾಸುಗಳನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದೆ. ಸವಣೂರಿನಿಂದ ಚಾಚಾ ಬರುವವರಿದ್ದರು.

ಚಾಚಾ ನಮಗೆ ಸಂಬಂಧಿಕರಲ್ಲ. ಹಾನಗಲ್ಲಿನಿಂದ ಶಿಗ್ಗಾವಿ ಕಡೆಗೆ ಹೋಗುವ ದಾರಿಯಲ್ಲಿ, ಹೊಲಗಳ ನಡುವೆ, ಕುಡಿತ ಬಿಡಿಸುವ ಒಂದು ಕೇಂದ್ರವಿದೆ. ಅಲ್ಲಿ ಅವರು ಗೇಟು ಕಾಯುತ್ತಿದ್ದರು, ಬ್ಯಾಗು ತಪಾಸಣೆ ಮಾಡುತ್ತಿದ್ದರು, ಚಹಾ ಕಾಸುತ್ತಿದ್ದರು. ಅವರ ಕೆಲಸಕ್ಕೆ ಏನು ಹೆಸರಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರರು ವಾರಕ್ಕೆ ಎರಡು ಸಲ ಬರುತ್ತಿದ್ದರು, ಕೌನ್ಸೆಲರ್ ಮೇಡಂ ದಿನಾ ಹತ್ತಕ್ಕೆ ಬಂದು ಐದಕ್ಕೆ ಹೋಗುತ್ತಿದ್ದರು. ಚಾಚಾ ಯಾವಾಗಲೂ ಇರುತ್ತಿದ್ದರು. ಹೋದ ತಿಂಗಳು ವಯಸ್ಸಾಯಿತೆಂದು ಕೆಲಸ ಬಿಟ್ಟರು. ಸುದ್ದಿ ಕೇಳಿದ ದಿನವೇ ನಮ್ಮವರು ಫೋನ್ ಮಾಡಿ, "ಈಗರ ನಮ್ಮ ಹಂಸಭಾವಿಗೆ ಬರ್ರಿ ಚಾಚಾ, ಇನ್ನ ಡ್ಯೂಟಿ ನೆಪ ಹೇಳಬ್ಯಾಡ್ರಿ" ಎಂದಿದ್ದರು.

ನಮ್ಮವರದು ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಒಳಗಿನ ತಾಮ್ರದ ತಂತಿಯನ್ನು ಬಿಚ್ಚಿ, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಸುತ್ತಿಗೆ ಸುತ್ತು ಕೂಡಬೇಕು, ಒಂದು ಎಳೆ ಇನ್ನೊಂದರ ಮೇಲೆ ಏರಬಾರದು. ಕೈ ಅಲುಗದೆ ನಿಂತಿದ್ದರೆ ಮಾತ್ರ ಆಗುವ ಕೆಲಸ. ಕುಡಿತ ಹೆಚ್ಚಾಗಿ ಅವರ ಕೈ ನಡುಗಲು ಹತ್ತಿದ ಮೇಲೆ ಅಂಗಡಿಯ ಬಾಗಿಲು ವಾರಕ್ಕೆ ಎರಡು ದಿನ ತೆರೆದರೆ ಹೆಚ್ಚು ಎನ್ನುವಂತಾಯಿತು. ಕೈ ನಿಲ್ಲಲಿ ಎಂದು ಬೆಳಿಗ್ಗೆಯೇ ಕುಡಿಯುವುದು. ಕುಡಿದ ಮೇಲೆ ಕೆಲಸವೇ ಬೇಡವಾಗುವುದು. ಹೀಗೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷದಲ್ಲಿ ನಾನು ಅವರಿಗಿಂತ ಮೊದಲು ಮಲಗಿದ್ದು ನೆನಪಿಲ್ಲ. ಅಗಳಿ ಸಪ್ಪಳ ಕೇಳಬೇಕು, ಚಪ್ಪಲಿ ಬಿಟ್ಟ ಸಪ್ಪಳ ಕೇಳಬೇಕು, ಅವರು ಉರುಳಿಕೊಂಡು ಉಸಿರು ಒಂದು ಹದಕ್ಕೆ ಬರಬೇಕು, ಆಮೇಲೆ ನನ್ನ ಕಣ್ಣು.

ಕೇಂದ್ರದ ಸುದ್ದಿ ತಂದವನು ಚಿಕ್ಕೇರೂರಿನ ನನ್ನ ಅಣ್ಣ. ನಮ್ಮವರು ಒಂದು ದಿನ ತಾವೇ, "ನಡೀರಿ, ನೋಡೂಣು" ಎಂದರು. ಆ ಮಾತು ತಣ್ಣಗಾಗುವುದರೊಳಗೆ ನಾನು ಬಟ್ಟೆ ಕಟ್ಟಿದೆ.

ಗೇಟಿನಲ್ಲಿ ಮೊದಲು ಸಿಕ್ಕವರೇ ಚಾಚಾ. ಬಿಳಿ ಗಡ್ಡ, ನೀಲಿ ಗೆರೆಯ ಲುಂಗಿ, ಹೆಗಲ ಮೇಲೆ ಟವೆಲು. ಮೇಜಿನ ಮೇಲೆ ನಮ್ಮ ಬ್ಯಾಗು ಬಿಚ್ಚಿದರು. ಎಣ್ಣೆಯ ಬಾಟಲಿ ಮೂಸಿದರು, ಕೆಮ್ಮಿನ ಔಷಧ ಬದಿಗಿಟ್ಟರು, ಅಂಗಿಗಳನ್ನು ಒಂದೊಂದೇ ಬಿಡಿಸಿ ಒದರಿ ನೋಡಿ, ಮತ್ತೆ ನಾನು ಮಡಚಿದ ಮಡಿಕೆಯ ಮೇಲೆಯೇ ಮಡಚಿದರು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಗಂಡಸರು ಹಾಗೆ ಮಡಚುವುದನ್ನು ನಾನು ಕಂಡಿರಲಿಲ್ಲ.

ಕೆಳಗಿನ ಟವೆಲಿನ ಮಡಿಕೆಯಿಂದ ಒಂದು ವಿಸ್ಕಿ ಪಾಕೀಟು ಜಾರಿ ಬಿತ್ತು.

ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ನಮ್ಮವರು, "ನಾ ಇಟ್ಟಿಲ್ರಿ, ಆಣಿ ಮಾಡ್ತೇನಿ" ಎಂದರು. ಯಾರು ನಂಬಬೇಕು? ಆದರೆ ಚಾಚಾ ಆ ಟವೆಲಿನ ಮಡಿಕೆಯನ್ನು ತಿರುಗಿಸಿ ನೋಡಿ ನನ್ನನ್ನು ಕೇಳಿದರು, "ಮನ್ಯಾಗ ಹಿರೇರು ಯಾರದಾರ್ರಿ, ಅಕ್ಕಾರ?"

"ಅತ್ತಿ ಅದಾರ್ರಿ."

"ಹಂಗನ್ರಿ. ಇದು ಅವರ ಮಡಿಕಿ. ನಿಮ್ಮಂಗ ಇಲ್ಲ. ಒಮ್ಮೆಲೆ ಬಿಟ್ರ ಮಗನ ಜೀವಕ್ಕ ಹೆಚ್ಚುಕಡಿಮಿ ಆದೀತು ಅಂತ ಇಟ್ಟಾರ. ಹೆತ್ತ ಕರುಳು, ಬೈಬ್ಯಾಡ್ರಿ. ಅವ್ರ ಹೆದರಿಕಿ ಸುಳ್ಳಲ್ಲ. ಮನ್ಯಾಗ ಕೂಡಿಹಾಕಿ ಒಮ್ಮೆಲೆ ಬಿಡಿಸಾಕ ಹೋಗಿ ಫಿಟ್ಸ್ ಬಂದಾವ್ರಿ ಎಷ್ಟೋ ಮಂದಿಗೆ. ಅದಕ್ಕ ಇಲ್ಲೆ ಡಾಕ್ಟರು ಮೊದಲಿನ ವಾರ ಔಷಧ ಕೊಟ್ಟು, ಹಗೂರ ಇಳಸ್ತಾರ. ಅತ್ತ್ಯಾರಿಗೆ ಹಿಂಗಂತ ಹೇಳ್ರಿ."

ಪಾಕೀಟನ್ನು ಎಲ್ಲರ ಮುಂದೆಯೇ ಕತ್ತರಿಸಿ ಬಚ್ಚಲಿಗೆ ಸುರಿದು ಬಂದರು. ಕೈ ತೊಳೆದುಕೊಂಡು ಚಹಾ ತಂದರು. ನಮ್ಮ ಜೊತೆ ಬಂದಿದ್ದ ಅಣ್ಣನಿಗೆ ಗ್ಲಾಸು ತುಂಬ. ನಮ್ಮವರಿಗೆ ಅರ್ಧ. ನನಗೂ ಅರ್ಧ.

ಮರಳಿ ಬರುವಾಗ ಬಸ್ಸಿನ ದಾರಿ ತುಂಬ ನನಗೆ ಅದೇ ಯೋಚನೆ. ಕುಡುಕನಿಗೆ ಅರ್ಧ, ಕುಡುಕನ ಹೆಂಡತಿಗೆ ಅರ್ಧ, ಮರ್ಯಾದಸ್ಥರಿಗೆ ತುಂಬ. ಚಹಾದಲ್ಲೂ ಪಂಕ್ತಿಭೇದವೇ ಅಂದುಕೊಂಡೆ.

ಮೊದಲ ಹದಿನೈದು ದಿನ ಫೋನ್ ಇಲ್ಲ ಎಂದಿದ್ದರು; ರವಿವಾರ ಮಾತ್ರ ಹೋಗಿ ನೋಡಬಹುದಿತ್ತು. ಮೊದಲ ರವಿವಾರ ನೋಡಿದಾಗ ನಮ್ಮವರು ಅರ್ಧ ಆಗಿದ್ದರು. ಮೂರು ದಿನ ಬೆವರಿದ್ದರಂತೆ, ಅನ್ನ ಮುಟ್ಟಿರಲಿಲ್ಲವಂತೆ. ಚಾದರದ ಮೇಲೆ ಇರುವೆ ಹರಿಯುತ್ತಿವೆ ಎಂದು ಹಗಲೆಲ್ಲ ಆರಿಸುತ್ತಿದ್ದರಂತೆ. ಔಷಧದ ಹೊತ್ತಿಗೆ ನರ್ಸ್, ಉಳಿದ ಹೊತ್ತೆಲ್ಲ ಚಾಚಾ ಪಕ್ಕದಲ್ಲಿ ಕೂತಿದ್ದರು. "ಇರುವಿ ಇಲ್ಲ ಅಂತ ನಾ ಹೇಳಲಿಲ್ರಿ" ಎಂದರು ಚಾಚಾ, "ಹೇಳಿದ್ರ ಜಗಳ ಆಕ್ಕೈತಿ. ನಾನೂ ನಾಕು ಆರಿಸಿದೆ." ನಮ್ಮವರು ಆ ಸ್ಥಿತಿಯಲ್ಲೂ ನಕ್ಕರು.

ಎರಡನೆಯ ರವಿವಾರ ಮನೆಯವರನ್ನೆಲ್ಲ ಕೂಡಿಸಿ ಮಾತಾಡಿಸುವ ಪದ್ಧತಿ. ಕೌನ್ಸೆಲರ್ ಮೇಡಂ ಒಬ್ಬೊಬ್ಬರನ್ನೇ ಕೇಳುತ್ತ ನನ್ನ ಕಡೆ ಬಂದರು. ಅವರು ಎಷ್ಟು ಕುಡಿಯುತ್ತಿದ್ದರು ಎಂದು ಕೇಳಬಹುದು, ಹೊಡೆಯುತ್ತಿದ್ದರೇ ಎಂದು ಕೇಳಬಹುದು ಎಂದು ಉತ್ತರ ಹೊಂದಿಸಿಕೊಂಡಿದ್ದೆ. ಅವರು ಕೇಳಿದ್ದು, "ನೀವು ಎಷ್ಟಕ್ಕ ಮಲಗ್ತೀರಿ?"

"ಅವರು ಬಂದ ಮ್ಯಾಲ್ರಿ" ಎಂದೆ.

ಅದು ಮುಗಿದು ಹೊರಗೆ ಬಂದರೆ ಚಾಚಾ ಟ್ರೇ ಹಿಡಿದು ನಿಂತಿದ್ದಾರೆ. ಮತ್ತೆ ನನಗೆ ಅರ್ಧ. ತಡೆದುಕೊಂಡಿದ್ದು ಅಲ್ಲಿ ಹೊರಬಿತ್ತು.

"ಅಲ್ರಿ ಚಾಚಾ, ಎಲ್ಲಾರಿಗೂ ತುಂಬಾ ಕೊಟ್ಟು ನನಗ ಯಾಕ್ರಿ ಅರ್ಧ? ನಾ ಏನ ಕುಡದ ಬಂದೇನೇನ್ರಿ?"

ಸುತ್ತಲಿನವರು ತಿರುಗಿ ನೋಡಿದರು. ಚಾಚಾ ಸಿಟ್ಟಾಗಲಿಲ್ಲ. "ಗಿಲಾಸ ಹಿಡೀರಿ" ಎಂದರು. ಹಿಡಿದೆ. ಅರ್ಧವೇ ಇದ್ದ ಚಹಾ ಗ್ಲಾಸಿನೊಳಗೆ ಒಂದೇ ಸಮನೆ ಅಲುಗುತ್ತಿತ್ತು. ನಾನು ನನ್ನ ಕೈ ನೋಡಿಕೊಂಡೆ. ನಮ್ಮವರ ಕೈ ಹೇಗೆ ನಡುಗುತ್ತಿತ್ತೋ ಹಾಗೆಯೇ ನನ್ನದೂ.

"ತುಂಬಾ ಕೊಟ್ರ ತುಳುಕ್ತೈತ್ರಿ" ಎಂದರು ಸಣ್ಣ ದನಿಯಲ್ಲಿ. "ಚಾ ಚೆಲ್ಲಿದ್ರ ಚೆಲ್ಲಲಿ. ನಾಕು ಮಂದ್ಯಾಗ ಸೀರಿ ಮ್ಯಾಲ ಚೆಲ್ಕೊಂಡ್ರ ನಿಮಗ ಹೆಂಗ ಅನಸ್ತೈತಿ? ಇನ್ನ ಅರ್ಧ ಒಳಗ ಪಾತೇಲಿಯಾಗ ಬಿಸಿ ಐತಿ. ಇದು ಮುಗಸ್ರಿ, ಅದನ್ನೂ ಕೊಡ್ತೇನಿ."

ಆ ದಿನ ನಾನು ಎರಡು ಅರ್ಧ ಕುಡಿದೆ.

ಕೈ ನೋಡಿ ಗ್ಲಾಸು ತುಂಬಿಸುವ ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಇನ್ನೊಂದು ರವಿವಾರ ಕೇಳಿದೆ. ಅವರು ಆಲೂಗಡ್ಡೆ ಸುಲಿಯುತ್ತಿದ್ದರು. ಅಡಿಗೆ ಪಾಳಿಯಲ್ಲಿದ್ದ ನಾಲ್ಕು ಜನ ರೋಗಿಗಳು ಸುತ್ತ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಅವರಲ್ಲೊಬ್ಬ ಬಂಕಾಪುರದ ಲಾರಿ ಡ್ರೈವರು. "ಏ ಡ್ರೈವರ್ ಸಾಹೇಬ್, ಉಳ್ಳಾಗಡ್ಡಿ ಮ್ಯಾಲ ಇಷ್ಟ ಸ್ಪೀಡ್ ಬ್ಯಾಡ, ಗೇರ್ ಇಳಸು" ಎಂದು ಅವನನ್ನು ಗದರಿಸಿ, ನನ್ನ ಕಡೆ ತಿರುಗಿದರು.

"ನೀವೂ ಒಂದ ಕಾಲಕ್ಕ ಕುಡೀತಿದ್ರೇನ್ರಿ?" ಎಂದು ನಾನು ನೇರವಾಗಿಯೇ ಕೇಳಿದೆ.

"ಹನಿ ಮುಟ್ಟಿಲ್ರಿ. ಕುಡಸ್ತಿದ್ದೆ."

ಸಾರಾಯಿ ಅಂಗಡಿಯ ಪಕ್ಕ ಅವರದು ಆಮ್ಲೆಟ್ ಗಾಡಿ ಇತ್ತಂತೆ. ಗ್ಲಾಸು, ನೀರು, ಉಪ್ಪು-ಖಾರ ಹಚ್ಚಿದ ತತ್ತಿ ಅವರದು, ಕುಡಿಯುವುದು ಗಿರಾಕಿಗಳದು. ಬೆಳಿಗ್ಗೆ ಬರುವವರ ಕೈ ಗ್ಲಾಸು ಎತ್ತುತ್ತಿರಲಿಲ್ಲ. ಒಬ್ಬ ಶಾಲೆ ಮಾಸ್ತರರು ದಿನಾ ಬರುತ್ತಿದ್ದರು. ಅವರಿಗೆ ಚಾಚಾ ತಾವೇ ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಬಾಯಿಗೆ ಹಚ್ಚುತ್ತಿದ್ದರಂತೆ. "ಪುಣ್ಯಾದ ಕೆಲಸ ಮಾಡಾಕತ್ತೇನಿ ಅಂತನ ತಿಳಕೊಂಡಿದ್ದೆ. ಮಾಸ್ತರು ಒಂದಿನ ಬರಲಿಲ್ಲ. ಮರುದಿನಾನೂ ಬರಲಿಲ್ಲ. ಮೂರನೇ ದಿನ ಸುದ್ದಿ ಬಂತು. ನಾಕನೇ ದಿನ ನಾ ಗಾಡಿ ತಗೀಲಿಲ್ರಿ." ಅಷ್ಟು ಹೇಳಿ ಆಲೂಗಡ್ಡೆಯ ಕಣ್ಣು ಕೀಳುತ್ತ ಕೂತರು. ಡ್ರೈವರು ಈರುಳ್ಳಿಯ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಅಲ್ಲಿಯ ದಿನ ಒಂದೇ ಹದಕ್ಕೆ ನಡೆಯುತ್ತಿತ್ತು. ಆರಕ್ಕೆ ಏಳುವುದು, ಪ್ರಾರ್ಥನೆ, ಕೈಕಾಲು ಆಡಿಸುವುದು, ಚಹಾ, ಕಸ ಹೊಡೆಯುವ ಪಾಳಿ, ನಾಷ್ಟಾ. ಆಮೇಲೆ ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ಕಥೆ ಹೇಳುವುದು. ನಮ್ಮವರು ಮೊದಲು ಹನ್ನೆರಡು ದಿನ ಬಾಯಿ ಬಿಡಲಿಲ್ಲವಂತೆ. ಹದಿಮೂರನೆಯ ದಿನ ಮೋಟಾರಿನ ಬಗ್ಗೆ ಮಾತು ತೆಗೆದು, ತಾವು ಕೆಡಿಸಿಟ್ಟ ಕೆಲಸಗಳನ್ನೆಲ್ಲ ಹೇಳಿದರಂತೆ. ಚಾಚಾ ಆ ಸುತ್ತಿನಲ್ಲಿ ಕೂಡುತ್ತಿರಲಿಲ್ಲ. "ನಿನ್ನಿ ಮಾತು ಮೇಡಂ ಕೇಳ್ತಾರ, ನಾಳಿ ಮಾತು ಡಾಕ್ಟರು ಹೇಳ್ತಾರ. ನಾ ಇವತ್ತಿನ ಚಾದಾಂವ" ಎನ್ನುತ್ತಿದ್ದರು.

ಇಪ್ಪತ್ತನೆಯ ದಿನದ ಹೊತ್ತಿಗೆ ನಮ್ಮವರ ಗ್ಲಾಸು ಮುಕ್ಕಾಲಿಗೆ ಬಂದಿತ್ತು. ಮುಖದಲ್ಲಿ ಕಳೆ ಬಂದಿತ್ತು. ನಾನು ತಪ್ಪು ಮಾಡಿದ್ದು ಆಗಲೇ.

ಮಾಸೂರಿನಲ್ಲಿ ನನ್ನ ನಾದಿನಿಯ ಮಗಳ ಮದುವೆ. ನಮ್ಮ ಕಡೆ ಸೋದರಮಾವ ಕೈ ಹಿಡಿದು ಕರೆತಂದ ಹೊರತು ಮದುಮಗಳು ಹಂದರಕ್ಕೆ ಬರುವುದಿಲ್ಲ. ನಾದಿನಿ ಫೋನ್ ಮೇಲೆ ಫೋನ್: "ಇರಾಂವ ಒಬ್ಬನ ಸ್ವಾದರಮಾವ. ಮಂದಿ ಕೇಳಿದ್ರ ಏನ್ ಹೇಳ್ಲಿ ವೈನೀ, ನಮ್ಮಣ್ಣ ದವಾಖಾನ್ಯಾಗ ಅದಾನ ಅಂತ ಹೇಳ್ಲೇನು?" ನಾವು ಊರಲ್ಲಿ ಎಲ್ಲರಿಗೂ ಅವರು ಮೋಟಾರು ಕೆಲಸಕ್ಕೆ ಗೋವಾಕ್ಕೆ ಹೋಗಿದ್ದಾರೆ ಎಂದು ಹೇಳಿದ್ದೆವು. ಸ್ವಂತ ಸೋದರಸೊಸೆಯ ಮದುವೆಗೆ ಗೋವಾದಿಂದ ಬಾರದಿರುವ ಮಾವ ಎಂಥವನು?

ಮೇಡಂ ಬೇಡವೆಂದರು. ಚಿಕಿತ್ಸೆ ಮೂರು ತಿಂಗಳದು, ಮೈ ಸುಧಾರಿಸಿದೆಯೇ ಹೊರತು ಮನಸ್ಸಿಗೆ ಇನ್ನೂ ಸಮಯ ಬೇಕು ಎಂದು ಬಿಡಿಸಿ ಹೇಳಿದರು. ನಾನು ಕೇಳಲಿಲ್ಲ. "ಎರಡ ದಿನದ ಮಾತ್ರಿ" ಎಂದು ಕಾಗದಕ್ಕೆ ಸಹಿ ಹಾಕಿದೆ. ನಮ್ಮವರೂ ಹಾಕಿದರು.

ಗೇಟಿನಲ್ಲಿ ಚಾಚಾ ವಾದ ಮಾಡಲಿಲ್ಲ. "ಮದುವಿ ಮನ್ಯಾಗ ಯಜಮಾನ್ರನ್ನ ಖಾಲಿ ಕೈಲೆ ಬಿಡಬ್ಯಾಡ್ರಿ. ಏನರ ಒಂದು ಕೆಲಸ ಹಿಡಸ್ರಿ" ಎಂದಷ್ಟೇ ಹೇಳಿದರು.

ಮೊದಲ ದಿನ ಹಿಡಿಸಿದೆ. ಹಂದರದ ದೀಪಗಳ ವೈರು ಜೋಡಿಸಿದರು, ಎಲ್ಲರೂ ಹೊಗಳಿದರು. ಮರುದಿನ ಸೊಸೆಯ ಕೈ ಹಿಡಿದು ಹಂದರಕ್ಕೆ ಕರೆತಂದರು, ಅಕ್ಷತೆಯ ಅಕ್ಕಿಕಾಳು ಬಿತ್ತು. ಅಲ್ಲಿಗೆ ಅವರ ಕೆಲಸ ಮುಗಿಯಿತು, ಕೈ ಖಾಲಿಯಾಯಿತು. ನಾನು ಬೀಗರಿಗೆ ಬಡಿಸುವ ಗಡಿಬಿಡಿಯಲ್ಲಿದ್ದೆ. ಯಾರೋ ಹಳೆಯ ಗೆಳೆಯರು "ಗೋವಾದಿಂದ ಬಂದೀಯಲ್ಲೋ" ಎಂದು ಕರೆದುಕೊಂಡು ಹೋದರಂತೆ. ಸಂಜೆ ಅವರನ್ನು ಇಬ್ಬರು ಹಿಡಿದು ತಂದರು. ಸೊಸೆ ಗಂಡನ ಮನೆಗೆ ಹೊರಟು ನಿಂತಿದ್ದಳು, ಮಾವನ ಕಾಲು ಮುಟ್ಟಲು ಹುಡುಕುತ್ತಿದ್ದಳು. ನಾನು ಅಡ್ಡ ನಿಂತು, "ಅವರಿಗೆ ಜ್ವರ ಬಂದಾವವ್ವಾ, ಮಕ್ಕೊಂಡಾರ" ಎಂದೆ.

ಆಮೇಲೆ ನಾಲ್ಕು ದಿನ ಮೊದಲಿನ ಹಾಗೆಯೇ. ಐದನೆಯ ದಿನ ಬೆಳಿಗ್ಗೆ ನಮ್ಮವರು ಹಾಸಿಗೆಯ ಮೇಲೆ ಎದ್ದು ಕೂತು, "ಅವರು ಮತ್ತ ಒಳಗ ಕರಕೊಳ್ತಾರೇನ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಈ ಸಲ ಅಣ್ಣನಿಗೆ ಹೇಳಲಿಲ್ಲ. ಬಟ್ಟೆ ನಾನೇ ಮಡಚಿದೆ. ಅತ್ತೆ ಬಾಗಿಲಲ್ಲಿ ನಿಂತು, "ನಾ ಈ ಸಲ ಏನೂ ಇಟ್ಟಿಲ್ಲವಾ" ಎಂದರು.

ಬಸ್ಸಿನ ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ತಪ್ಪು ನನ್ನದು, ಸಹಿ ಹಾಕಿದವಳು ನಾನು, ಇದೊಂದು ಸಲ ಎಂದು. ಗೇಟು ಬಡಿದೆ. ಚಾಚಾ ಟವೆಲಿಗೆ ಕೈ ಒರೆಸಿಕೊಳ್ಳುತ್ತ ಬಂದು ಚಿಲಕ ತೆಗೆದರು.

"ಬರ್ರಿ ಬರ್ರಿ. ಛಲೋ ಹೊತ್ತಿಗೆ ಬಂದ್ರಿ, ಚಾ ಈಗರ ಇಳಿಸೇನಿ."

ಅಷ್ಟೇ. ಹೋದ ಸಲದ ಹಾಗೆ ಬ್ಯಾಗು ಬಿಚ್ಚಿದರು, ಬಾಟಲಿ ಮೂಸಿದರು, ಮಡಿಕೆ ಕೆಡದಂತೆ ಮಡಚಿದರು. ನಮ್ಮವರ ಮುಂದೆ ಅರ್ಧ ಗ್ಲಾಸು ಇಟ್ಟರು. ಅದನ್ನು ನೋಡಿ ನಮ್ಮವರ ಕಣ್ಣಲ್ಲಿ ನೀರು ಬಂತು. "ಮುಕ್ಕಾಲಿಗೆ ಬಂದಿದ್ನೆಲ್ರಿ, ಚಾಚಾ."

"ಬಂದಿದ್ರಿ. ದಾರಿ ನೋಡಿದ್ದೈತಲ್ಲ, ಈ ಸಲ ಲಗೂನ ಬರ್ತೀರಿ. ಗಿಲಾಸ ಎಲ್ಲೂ ಓಡಿ ಹೋಗಂಗಿಲ್ಲ."

ನನ್ನ ಮುಂದೆ ತುಂಬಿದ ಗ್ಲಾಸು ಇಟ್ಟರು. ನಾನು ಗಾಬರಿಯಿಂದ ಅವರ ಮುಖ ನೋಡಿದೆ.

"ಎತ್ತ್ರಿ, ತಂಗೆವ್ವಾ. ನಿಮ್ಮ ಕೈ ನಿಂತಾವು."

ಎತ್ತಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಆ ಸಲ ಮೂರು ತಿಂಗಳು ಪೂರ್ತಿ ಇದ್ದರು. ನಡುವೆ ಒಂದು ಹಬ್ಬ ಬಂತು, ನಾನು ಅಲ್ಲಿಗೇ ಹೋಳಿಗೆ ಕಟ್ಟಿಕೊಂಡು ಹೋದೆ. ಊರಲ್ಲಿ ಗೋವಾದ ಮಾತು ಬಿಟ್ಟು, ಕೇಳಿದವರಿಗೆ ಇದ್ದದ್ದನ್ನೇ ಹೇಳಿದೆ. ಹೇಳಿದ ಮೇಲೆ ಎರಡು ಮನೆಯ ಹೆಣ್ಣುಮಕ್ಕಳು ಹಿತ್ತಲ ಬಾಗಿಲಿಂದ ಬಂದು ಆ ಜಾಗದ ವಿಳಾಸ ಬರೆದುಕೊಂಡು ಹೋದರು. ಬಿಡುಗಡೆಯ ದಿನ ಚಾಚಾ ನಮ್ಮವರಿಗೆ ಗ್ಲಾಸನ್ನು ಅಂಚಿನ ತನಕ ತುಂಬಿಸಿ, ಅಡಿಗೆಮನೆಯಿಂದ ಗೇಟಿನವರೆಗೆ ಅದನ್ನು ಹಿಡಿದುಕೊಂಡೇ ನಡೆಯಲು ಹೇಳಿ, ಹಿಂದೆ ಹಿಂದೆ ತಾವು ಬಂದರು. "ತುಳುಕಿದ್ರ ಒಳಗ ಹೊಳ್ಳಿ ಹಾಕ್ತೇನಿ ನೋಡ್ರಿ" ಎಂದು ಹೆದರಿಸಿದರು. ಎಲ್ಲರೂ ಕೇಕೆ ಹಾಕಿ ನಕ್ಕರು. ಆಮೇಲೂ ತಿಂಗಳಿಗೊಮ್ಮೆ ಡಾಕ್ಟರರ ಹತ್ತಿರ ಹೋಗಿ ಬರುವುದಿತ್ತು, ಗುಳಿಗೆ ಇತ್ತು, ಬೇಸರದ ದಿನಗಳಿದ್ದವು. ಈಗ ಮೂರನೆಯ ವರ್ಷ ನಡೆದಿದೆ. ಅಂಗಡಿಯ ಬಾಗಿಲು ದಿನಾ ತೆರೆಯುತ್ತದೆ.

ನಿನ್ನೆ ಹನ್ನೆರಡರ ಬಸ್ಸಿಗೆ ಚಾಚಾ ಬಂದರು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸವಣೂರಿನ ವೀಳ್ಯದೆಲೆಯ ಕಟ್ಟು, ಅತ್ತೆಗೆಂದು. ಅತ್ತೆ ಅದನ್ನು ತೆಗೆದುಕೊಂಡು, "ಟವೆಲಿನ್ಯಾಗ ಏನರ ಐತೇನ ನೋಡ್ಲ್ಯಾ?" ಎಂದು ನಕ್ಕರು. "ನಿಮ್ಮ ಮಡಿಕಿ ನಾ ಮರ್ತಿಲ್ಲ ಬಿಡ್ರಿ ಅವ್ವಾರ" ಎಂದರು ಚಾಚಾ.

ಮಂಚದ ಮೇಲೆ ಕೂತರು. ನಮ್ಮವರು ಅಂಗಡಿಯಿಂದ ಬಂದವರೇ ಚಹಾ ತಾವೇ ಕಾಸುತ್ತೇನೆಂದು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದರು. ಶುಂಠಿ ಜಜ್ಜಿ ಹಾಕಿ, ಎಮ್ಮೆಯ ಗಟ್ಟಿ ಹಾಲು ಸುರಿದು, ಹೊಳೆಯುವ ಗ್ಲಾಸಿಗೆ ಅಂಚಿನ ತನಕ ತುಂಬಿಸಿ ತಂದು ಚಾಚಾರ ಮುಂದೆ ಇಟ್ಟರು. ಇನ್ನೂ ಹೇಗೆ ಗೌರವ ಮಾಡಬೇಕು?

ಚಾಚಾ ಗ್ಲಾಸು ಎತ್ತಲಿಲ್ಲ. ಎಮ್ಮೆಯ ಬಗ್ಗೆ ಕೇಳಿದರು. ಮೋಟಾರಿನ ತಂತಿ ಈಗ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಮಳೆಯ ಸುದ್ದಿ ತೆಗೆದರು. ಚಹಾದ ಮೇಲೆ ಕೆನೆ ಕಟ್ಟಿತು. ಸಿಹಿ ಹೆಚ್ಚಾಯಿತೋ, ಸಕ್ಕರೆ ಕಾಯಿಲೆಯೋ ಎಂದು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕಂಡಿತು: ಅವರ ಬಲಗೈ ಟವೆಲಿನ ಕೆಳಗಿತ್ತು, ಟವೆಲಿನ ಅಂಚು ಒಂದೇ ಸಮನೆ ಅಲುಗುತ್ತಿತ್ತು. ವಯಸ್ಸಿನ ನರದ ತೊಂದರೆ, ಗುಳಿಗೆ ನಡೆದಿದೆ ಎಂದು ಅವರೇ ಆಮೇಲೆ ಹೇಳಿದರು. ಆಗ ಹೇಳಿರಲಿಲ್ಲ.

ನಾನು ಏನಾದರೂ ಅನ್ನುವ ಮೊದಲೇ ನಮ್ಮವರು ಎದ್ದರು. ಅವರ ಕಣ್ಣೂ ಆ ಟವೆಲಿನ ಮೇಲೆ ಇತ್ತೆಂದು ಕಾಣುತ್ತದೆ.

"ಆರಿ ಹೋತ್ರಿ ಇದು. ಬಿಸಿ ಮಾಡಿ ತರ್ತೇನಿ ತಡೀರಿ."

ಒಳಗೆ ಬಂದರು. ಆರಿದ್ದನ್ನು ತಾವೇ ನಿಂತಲ್ಲೇ ಕುಡಿದು, ಗ್ಲಾಸು ತೊಳೆದು, ಪಾತೇಲಿಯಲ್ಲಿದ್ದ ಬಿಸಿ ಚಹಾ ಸುರಿಯತೊಡಗಿದರು. ಅರ್ಧಕ್ಕೆ ನಿಲ್ಲಿಸಿದರು. ಇನ್ನೊಂದು ಗ್ಲಾಸು ತೆಗೆದುಕೊಂಡು ತಮಗೂ ಅರ್ಧವೇ ಹಾಕಿಕೊಂಡರು. ಎರಡನ್ನೂ ಹಿಡಿದು ಹೋಗಿ ಒಂದನ್ನು ಚಾಚಾರ ಮುಂದೆ ಇಟ್ಟು, ಪಕ್ಕದಲ್ಲಿ ಕೂತರು.

ಚಾಚಾ ಗ್ಲಾಸಿನೊಳಗೆ ನೋಡಿದರು. ನಮ್ಮವರ ಗ್ಲಾಸಿನೊಳಗೂ ಬಗ್ಗಿ ನೋಡಿದರು. ಆಮೇಲೆ ಟವೆಲಿನ ಕೆಳಗಿನಿಂದ ಕೈ ಹೊರಗೆ ತೆಗೆದರು.

"ಇನ್ನ ಅರ್ಧ ಐತೇನ್ರಿ ಒಳಗ?"

"ಐತ್ರಿ ಚಾಚಾ. ಬಿಸಿ ಐತಿ."

ಚಾಚಾ ಎರಡೂ ಕೈಯಲ್ಲಿ ಗ್ಲಾಸು ಎತ್ತಿದರು. ಚಹಾ ಅಲುಗಿತು, ಚೆಲ್ಲಲಿಲ್ಲ.

ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಹುಗ್ಗಿ, ತುಪ್ಪ. ಹುಗ್ಗಿಯನ್ನು ಚಾಚಾ ಎರಡು ಸಲ ಹಾಕಿಸಿಕೊಂಡರು. ಸಂಜೆಯ ಬಸ್ಸಿಗೆ ಹೋಗುತ್ತೇನೆಂದವರನ್ನು ನಮ್ಮವರು ಬಿಡಲಿಲ್ಲ. ರಾತ್ರಿ ಅನ್ನ, ಕಟ್ಟಿನ ಸಾರು; ಉಳಿದ ನಾಲ್ಕು ರೊಟ್ಟಿಯನ್ನು ಮೊಸರಿನಲ್ಲಿ ಮುರಿದು ತಿಂದೆವು. ಊಟವಾದ ಮೇಲೆ ಅವರಿಬ್ಬರೂ ಪಡಸಾಲೆಯಲ್ಲಿ ಮಾತಾಡುತ್ತ ಕೂತರು. ಅತ್ತೆ ಎಲೆ ಹಾಕಿಕೊಳ್ಳುತ್ತಿದ್ದರು. ನಾನು ಒಂದು ಗಳಿಗೆ ಬೆನ್ನು ಚಾಚಿ ಏಳೋಣವೆಂದು ಒಳಗೆ ಹೋದೆ.

ಎಲ್ಲರಿಗಿಂತ ಮೊದಲು ಮಲಗಿದವಳು ನಾನಂತೆ. ಇವತ್ತು ಬೆಳಿಗ್ಗೆ ನಮ್ಮವರು ಹೇಳಿದರು.